ಕಂಪ್ಯೂಟರಿನ ಹಿಂದೆ ಸಿಕ್ಕ ಗಂಟು

ನನಗಿನ್ನೂ ನಂಬಿಕೆ ಬರುತ್ತಿಲ್ಲ, ಗೆಳೆಯರೇ. ಹದಿನೈದು ದಿನದಿಂದ ಮನೆಯ ಕಂಪ್ಯೂಟರ್ ಅರ್ಧ ಗಂಟೆಗೊಮ್ಮೆ ಹ್ಯಾಂಗ್ ಆಗುತ್ತಿತ್ತು. ಇವತ್ತು ಬೆಳಿಗ್ಗೆ ಇಡೀ ತರಗತಿಯ ಅಂಕ ತುಂಬಿ ಸೇವ್ ಮಾಡುವಷ್ಟರಲ್ಲಿ ಮತ್ತೆ ನಿಂತಿತು. ಎಲ್ಲ ಹೋಯಿತು. ವೈರಸ್ ಇರಬೇಕೆಂದು ಎರಡು ಸಲ ಫಾರ್ಮ್ಯಾಟ್ ಮಾಡಿದ್ದೆ. ಗೇಮ್ ಆಡಿ ಕೆಡಿಸಿದಳೆಂದು ಮಗಳನ್ನೂ ಬೈದಿದ್ದೆ.

ಕೊನೆಗೆ ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿಯ ರಫೀಕ್ ಭಾಯ್ ಬಂದರು. ಮೇಜಿನ ಕೆಳಗೆ ಬಗ್ಗಿ ಕಂಪ್ಯೂಟರಿನ ಹಿಂದೆ ಕೈ ಹಾಕಿದರು.

"ಸರ್ರ, ಈ ಗಂಟ ಯಾರ ಇಟ್ಟಾರ್ರಿ ಇಲ್ಲಿ?"

ಸಿಪಿಯುನಿಂದ ಬಿಸಿಗಾಳಿ ಹೊರಬರುವ ಜಾಲರಿಗೆ ಒತ್ತಿ ಇಟ್ಟಿದ್ದ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿಯ ಗಂಟು.

ಅವ್ವ ಅಡುಗೆಮನೆಯಿಂದಲೇ ಹೇಳಿದಳು: "ನಾನ ಇಟ್ಟೀನಿ, ತಮ್ಮಾ. ಮಳಿಗಾಲದಾಗ ಖಡಕ್ ರೊಟ್ಟಿ ಮೆತ್ತಗ ಆಗ್ತಾವು. ಅಲ್ಲಿ ಛಲೋ ಬಿಸಿಗಾಳಿ ಬರತೈತಿ."

"ಗಾಳಿ ಹೊರಗ ಹೋಗಾಕ ಜಾಗಾನ ಇಲ್ಲಂದ್ರ ಮಷೀನ ನಿಲ್ಲದ ಏನ ಮಾಡತೈತ್ರಿ, ಅಮ್ಮಾರ?"

"ಅದು ನಿಂತ್ರ ನಿಲ್ಲಲಿ. ಮೊದ್ಲ ಒಂದ ರೊಟ್ಟಿ ಮುರದ ನೋಡು."

ಅವರು ಮುರಿದರು. ಹಪ್ಪಳದ ಹಾಗೆ ಸದ್ದು ಬಂತು. ಈ ಮಳೆಯಲ್ಲೂ ರೊಟ್ಟಿ ಎಷ್ಟು ಖಡಕ್ ಎಂದು ಹದಿನೈದು ದಿನ ಹೊಗಳಿ ತಿಂದವನು ನಾನೇ.

ಗಂಟು ತೆಗೆದ ಮೇಲೆ ಕಂಪ್ಯೂಟರ್ ಒಮ್ಮೆಯೂ ನಿಂತಿಲ್ಲ. ಆದರೆ ಸಂಜೆ ಊಟಕ್ಕೆ ಕುಳಿತಾಗ ರೊಟ್ಟಿ ಮೆತ್ತಗಾಗಿತ್ತು. ರಫೀಕ್ ಭಾಯ್‌ಗೆ ಫೋನ್ ಮಾಡು ಎಂದು ಅವ್ವ ಆಗಿನಿಂದ ಬೆನ್ನು ಹತ್ತಿದ್ದಾಳೆ.

"ಆ ತಮ್ಮ ಬಂದ ಹೋದ ಮ್ಯಾಲೇ ನೋಡು, ಕಂಪ್ಯೂಟರ್ ಕೆಟ್ಟೈತಿ."