ಅಪ್ಪನ ದವಡೆಯಲ್ಲಿದ್ದ ಚಿಲ್ಲರೆ

ಅದು ಯುದ್ಧದ ಕಾಲ. ಕೈಯಲ್ಲಿ ನೋಟು ಇದ್ದವರಿಗೂ ಮಾನ್ವಿ ಪೇಟೆಯಲ್ಲಿ ಚಿಲ್ಲರೆ ಸಿಗುತ್ತಿರಲಿಲ್ಲ. ಅಂಗಡಿಯವರು ಒಂದು ದುಡ್ಡಿನ ನಾಣ್ಯದ ಬದಲಿಗೆ ಒಂದು ಇಡೀ ಅಡಿಕೆ ಕೊಡುತ್ತಿದ್ದರು. ಅದನ್ನೇ ಮತ್ತೊಂದು ಅಂಗಡಿಯಲ್ಲಿ ಕೊಟ್ಟು ನಾವು ಉಪ್ಪು ತರುತ್ತಿದ್ದೆವು. ಮೋಟರಿನವನೂ ತೆಗೆದುಕೊಳ್ಳುತ್ತಿದ್ದ. ಅಡಿಕೆ ಒಡೆದಿರಬಾರದು, ಹುಳ ಬಿದ್ದಿರಬಾರದು, ಅಷ್ಟೇ. ಆದರೆ ಇಂಥ ಚಿಲ್ಲರೆಯನ್ನು ನಮ್ಮಪ್ಪನ ಕೈಗೆ ಕೊಡುವಂತಿರಲಿಲ್ಲ. ಚಿಂತೆ ಹತ್ತಿತೆಂದರೆ ಅವನಿಗೆ ಬಾಯಲ್ಲಿ ಅಡಿಕೆ ಬೇಕೇ ಬೇಕು. ಅಡಕೊತ್ತು ಹುಡುಕುವವನೂ ಅಲ್ಲ, ಹಲ್ಲಿನಲ್ಲೇ ಒಡೆಯುತ್ತಿದ್ದ.

ಕಲ್ಮಲಕ್ಕೆ ಕೊಟ್ಟಿದ್ದ ನಮ್ಮಕ್ಕನಿಗೆ ಎರಡು ದಿನದಿಂದ ಹೆರಿಗೆ ಬೇನೆ, ಕೂಸು ಬರುತ್ತಿಲ್ಲ, ರಾಯಚೂರಿನ ದವಾಖಾನೆಗೆ ಒಯ್ದಿದ್ದಾರೆ ಎಂದು ಸುದ್ದಿ ಬಂತು. ಅವ್ವ ಇರಲಿಲ್ಲ. ಹೋಗಬೇಕಾದವರು ನಾನು ಮತ್ತು ಅಪ್ಪ. ಮನೆಯಲ್ಲಿದ್ದದ್ದು ಒಂದು ರೂಪಾಯಿ ನೋಟು, ಆರು ಅಡಿಕೆ. ಇಬ್ಬರ ಟಿಕೇಟಿಗೆ ಸರಿಹೋಗುತ್ತಿತ್ತು. ಮೋಟರು ಹತ್ತುವಾಗ ಅಡಿಕೆಯ ಗಂಟನ್ನು ಅರೆಗಳಿಗೆ ಅಪ್ಪನ ಕೈಗೆ ಕೊಟ್ಟೆ. ಅದೇ ತಪ್ಪಾಯಿತು.

ಕಂಡಕ್ಟರು ನೋಟು ತೆಗೆದುಕೊಂಡು, ಗಂಟು ಬಿಚ್ಚಿ ಅಡಿಕೆ ಎಣಿಸಿದ.

"ಐದಾವ. ಇನ್ನೊಂದು ಕೊಡ್ರಿ. ಇಲ್ಲಂದ್ರ ಒಬ್ರು ಕಲ್ಮಲದಾಗ ಇಳೀಬೇಕಾಗ್ತದ."

ಅಪ್ಪನ ಕಡೆ ನೋಡಿದೆ. ಎಡಗಡೆಯ ದವಡೆ ಉಬ್ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಪ್ಪಾ, ಅದು ಅಡಕಿ ಅಲ್ಲ, ರೊಕ್ಕ. ಅಕ್ಕ ಅಲ್ಲಿ ಸಾಯಾಕತ್ಯಾಳ, ನಿನಗ ಬಾಯಿ ಆಡ್ಸೂದು ಬೇಕಾಗೇದೇನು?"

ಅಪ್ಪ ಬಾಯಿಂದ ಅಡಿಕೆ ತೆಗೆದು, ಹೆಗಲ ಮೇಲಿನ ವಲ್ಲಿಯಿಂದ ಒರೆಸಿ ಕಂಡಕ್ಟರಿಗೆ ಚಾಚಿದ.

"ಹಲ್ಲು ಹಚ್ಚಿಲ್ರಿ. ನೋಡ್ರಿ, ಇಡೀದೇ ಅದ."

ಮೋಟರಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಕಂಡಕ್ಟರು ಮಾತ್ರ ನಗಲಿಲ್ಲ. ಅಪ್ಪನ ಮುಖವನ್ನೇ ನೋಡಿದ.

"ದವಾಖಾನಿಗೇನ್ರಿ?"

"ಹೂನ್ರಿ. ಹಿರೇ ಮಗಳು."

"ಅದನ್ನ ನೀವೇ ಬಾಯಾಗ ಇಟ್ಕೋರಿ ಯಪ್ಪಾ. ಚಲೋ ಸುದ್ದಿ ಕೇಳಿದ ಮ್ಯಾಲ ಕಡೀರಿ," ಎಂದು ಎರಡು ಟಿಕೇಟು ಹರಿದುಕೊಟ್ಟ.

ಅಪ್ಪ ಅಡಿಕೆಯನ್ನು ಮತ್ತೆ ದವಡೆಗೆ ಇಟ್ಟುಕೊಂಡ. ಕಲ್ಮಲ ಹಿಂದೆ ಬಿತ್ತು. ಮೋಟರು ಎಷ್ಟು ಕುಲುಕಿದರೂ ಅವನು ಅಡಿಕೆಗೆ ಹಲ್ಲು ತಾಗದಂತೆ ಬಾಯಿ ಬಿಗಿಹಿಡಿದು ಕೂತಿದ್ದ. ನಾನು ಆಡಿದ ಮಾತು ನನ್ನನ್ನೇ ಚುಚ್ಚತೊಡಗಿತು. ಸಾಯಾಕತ್ಯಾಳ ಎಂದು ಯಾಕಾದರೂ ಅಂದೆನೋ. ರಾಯಚೂರಿನಲ್ಲಿ ಇಳಿದ ಮೇಲೂ ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಅಕ್ಕನ ಗಂಡ ಎದುರಾದ. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

"ಹೆಣ್ಣು ಕೂಸು. ಇಬ್ರೂ ಆರಾಮ ಅದಾರ."

ಹೋದ ಜೀವ ಬಂದಂತಾಗಿ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಗ ಬೆನ್ನ ಹಿಂದೆ ಕಟಕ್ ಎಂದು ಸದ್ದಾಯಿತು. ತಿರುಗಿ ನೋಡಿದೆ. ಅಪ್ಪ ಗೋಡೆಗೆ ಮುಖ ಮಾಡಿ, ವಲ್ಲಿಯಿಂದ ಕಣ್ಣು ಒರೆಸಿಕೊಳ್ಳುತ್ತ ಅಡಿಕೆ ಅಗಿಯುತ್ತಿದ್ದ.