ಗಾಜು ತಣ್ಣಗಾಗುವವರೆಗೆ

ಪೀಣ್ಯದಲ್ಲಿ ಕನ್ನಡಿ ಮಾಡುತ್ತಾರೆ ಅಂದರೆ ಜನ ತಲೆ ಬಾಚಿಕೊಳ್ಳುವ ಕನ್ನಡಿ ಅಂದುಕೊಳ್ಳುತ್ತಾರೆ. ವೇಣಿಯ ತಾಯಿ ಮುನಿಯಕ್ಕನೂ ಹಾಗೇ ಅಂದುಕೊಂಡಿದ್ದಳು. "ಅಷ್ಟೊರ್ಸ ಓದಿ ಕನ್ನಡಿ ಅಂಗ್ಡಿ ಸೇರ್ಕಂಡ್ಯೇನೇ?" ಎಂದು ನಗಾಡಿದ್ದಳು. ಮಗಳು ಸೇರಿದ್ದು ಲೇಸರ್ ಯಂತ್ರಗಳ ಕನ್ನಡಿಗೆ ಗಾಜು ಉಜ್ಜುವ ಕಾರ್ಖಾನೆಗೆ. ಆ ಗಾಜಿನ ಏರುತಗ್ಗು ಕಣ್ಣಿಗೆ ಕಾಣದು, ಬೆರಳಿಗೆ ಸಿಗದು, ಬೆಳಕಿನಿಂದಲೇ ಅಳೆಯಬೇಕು. ಅಳೆಯುವವಳು ಡಾಕ್ಟರ್ ವೇಣಿ.

ಬೆಳಕಿನ ಹುಚ್ಚು ಅವಳಿಗೆ ಹಿಡಿದದ್ದು ಆನೇಕಲ್ಲಿನಲ್ಲಿ, ಅಪ್ಪ ಚಿನ್ನಪ್ಪನ ಪಂಕ್ಚರ್ ಅಂಗಡಿಯ ಮುಂದೆ. ಮಳೆನೀರಿನ ಮೇಲೆ ಚೆಲ್ಲಿದ ಪೆಟ್ರೋಲು ನವಿಲಿನ ಕತ್ತಿನಂತೆ ಬಣ್ಣ ತಿರುಗುತ್ತಿತ್ತು. "ಯಾಕಪ್ಪಾ ಹಿಂಗೆ?" ಅಂದರೆ, "ಅದು ಅಂಗೇಯ ಕಣಮ್ಮಿ" ಅನ್ನುತ್ತಿದ್ದ ಚಿನ್ನಪ್ಪ. ಆ ಉತ್ತರ ಸಾಲದೆ ಅವಳು ಎಂಎಸ್ಸಿ ಮಾಡಿದಳು, ಎಂಟು ವರ್ಷ ಕೂತು ಬೆಳಕಿನ ಮೇಲೆಯೇ ಪಿಎಚ್‌ಡಿ ಮಾಡಿದಳು. ಆಮೇಲೆ ಹನ್ನೊಂದು ವರ್ಷ ಅತಿಥಿ ಉಪನ್ಯಾಸಕಿ. ಅತಿಥಿಯಂತೆ! ಮನೆಗೆ ಬಂದ ಅತಿಥಿಗೆ ನಾವು ಚಾಪೆಯನ್ನಾದರೂ ಹಾಸುತ್ತೇವೆ. ಆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವಳಿಗೊಂದು ಕುರ್ಚಿ ಇರಲಿಲ್ಲ. ಬೇಸಿಗೆ ಬಂದರೆ ಹೊರಗೆ, ಮಳೆ ಬಂದರೆ ಮತ್ತೆ ಅರ್ಜಿ.

ನಲವತ್ತೆರಡಕ್ಕೆ ಪೀಣ್ಯದ ಕೆಲಸ ಸಿಕ್ಕಿತು. ಒಂದು ವರ್ಷ ನೋಡುತ್ತೇವೆ, ಆಮೇಲೆ ಕಾಯಂ ಎಂದ ಮಾಲೀಕ ಭಾನುಪ್ರಕಾಶ್. ಬದುಕಿನಲ್ಲಿ ಮೊದಲ ಸಲ ಅವಳಿಗೆ ಒಂದು ಮೇಜು, ಅದರ ಮೇಲೊಂದು ಹೆಸರಿನ ಫಲಕ.

ಗಾಜು ಉಜ್ಜುತ್ತಿದ್ದವನು ಯಂಕಪ್ಪ, ಕುಷ್ಟಗಿ ಕಡೆಯವನು. ಏಳನೇ ಕ್ಲಾಸು. ಹತ್ತೊಂಬತ್ತು ವರ್ಷದಿಂದ ರಾಳದ ತಟ್ಟೆಯ ಮೇಲೆ ಗಾಜು ತಿರುಗಿಸಿ ತಿರುಗಿಸಿ ಅವನ ಅಂಗೈ ಮಗುವಿನ ಕೆನ್ನೆಯಂತಾಗಿತ್ತು. ಗಾಜನ್ನು ಅಂಚಿನಲ್ಲಷ್ಟೇ ಹಿಡಿಯುತ್ತಿದ್ದ. ಅದರ ಮುಖ ಮುಟ್ಟಿದವರನ್ನು ಮಾಲೀಕನಾದರೂ ಬಿಡದೆ ಗದರುತ್ತಿದ್ದ.

ಅಂದು ಗಿರಾಕಿಯ ಗಾಡಿ ಗೇಟಿನಲ್ಲಿ ನಿಂತಿತ್ತು. ಕಳಿಸಬೇಕಾದ ಗಾಜನ್ನು ಯಂಕಪ್ಪ ಆಗ ತಾನೇ ಉಜ್ಜಿ ಮುಗಿಸಿದ್ದ.

"ಮೇಡಂ, ಈಗ್ಲೇ ಟೆಸ್ಟ್ ಮಾಡಿ ಕೊಟ್ಬಿಡಿ" ಎಂದ ಭಾನುಪ್ರಕಾಶ್.

"ಇನ್ನಾ ಬಿಸಿ ಐತ್ರೀ ಮೇಡಂ" ಎಂದ ಯಂಕಪ್ಪ. "ಈಗ ಉಜ್ಜಿದ ಗಾಜು ಹಸಿ ಬಾಣಂತಿ ಇದ್ದಂಗ. ಎಬ್ಬಿಸಬ್ಯಾಡ್ರಿ. ನಾಳೆ ಮುಂಜಾನಿ ನೋಡ್ರಿ."

ಸುತ್ತ ನಿಂತವರು ನಕ್ಕರು. ಆ ನಗು ತನಗೇ ಚುಚ್ಚಿತು ಅನ್ನಿಸಿತು ವೇಣಿಗೆ. "ಫಿಸಿಕ್ಸ್ ಓದಿರೋಳು ನಾನು ಯಂಕಪ್ಪ" ಅಂದುಬಿಟ್ಟಳು.

ಹಳದಿ ದೀಪದ ಕೆಳಗೆ ಉಜ್ಜಿದ ಗಾಜನ್ನಿಟ್ಟು, ಮೇಲೆ ಅಳತೆಯ ಗಾಜನ್ನಿಟ್ಟರೆ ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ನೇರವಿದ್ದರೆ ಗಾಜು ಚಪ್ಪಟೆ. ಅಂದು ಗೆರೆಗಳು ಬಿಲ್ಲಿನಂತೆ ಬಾಗಿದ್ದವು. ಬಿಸಿಗೆ ಗಾಜು ಉಬ್ಬುತ್ತದೆ, ಕೈಯ ಕಾವು ಸಾಕು ಗೆರೆ ಬಾಗಿಸಲು ಎಂದು ಹನ್ನೊಂದು ವರ್ಷ ಪಾಠ ಮಾಡಿದವಳು ಅವಳೇ. ಆದರೂ ಬರೆದಳು: ತಿರಸ್ಕೃತ, ಉಜ್ಜಿದವರ ದೋಷ. ಕೆಳಗೆ ಸಹಿ, ಹೆಸರಿನ ಮುಂದೆ 'ಡಾ.'

ಆ ತಿಂಗಳು ಯಂಕಪ್ಪನ ಎರಡು ಗಾಜು ಆಗಲೇ ತಿರಸ್ಕೃತವಾಗಿದ್ದವು. ಇದು ಮೂರನೆಯದು. ಸಂಜೆಗೇ ಅವನನ್ನು ಕೆಲಸದಿಂದ ತೆಗೆದು ಕಳಿಸಿದರು. ಅವನು ಜಗಳಾಡಲಿಲ್ಲ. ಕೈ ತೊಳೆದುಕೊಂಡು ಹೋದ.

ಮರುದಿನ ಬೆಳಗ್ಗೆ ವೇಣಿ ಅದೇ ಗಾಜನ್ನು ಮತ್ತೆ ದೀಪದ ಕೆಳಗಿಟ್ಟಳು. ಗೆರೆಗಳು ನೂಲು ಹಿಡಿದಂತೆ ನೇರ.

ಓಡಿಹೋಗಿ ಹೇಳಿದಳು. ಭಾನುಪ್ರಕಾಶ್ ಹಿಗ್ಗಿದ. "ಸಕ್ಕತ್ತಾಯ್ತು ಮೇಡಂ! ಹೊಸ ನಂಬರ್ ಹಾಕಿ ಕಳಿಸ್ಬಿಡಿ."

"ಯಂಕಪ್ಪನ್ನ ಕರೆಸೋಣ ಸಾರ್."

"ನಿನ್ನೆ ಸಹಿ ತಪ್ಪು ಅಂತ ಇವತ್ತು ಹೇಳಿದ್ರೆ ಗಿರಾಕಿ ನಿಮ್ಮ ಹಳೇ ಟೆಸ್ಟುಗಳನ್ನೆಲ್ಲ ಕೆದಕ್ತಾನೆ. ನಿಮ್ಮ ಕಾಯಂ ಆರ್ಡರ್ ಬರೋ ಹೊತ್ತು. ಸುಮ್ನಿರಿ."

ಸುಮ್ಮನಿದ್ದಳು. ಗಾಜು ಪಾಸಾಗಿ ಗೇಟು ದಾಟಿತು. ಮನುಷ್ಯ ಫೇಲಾಗಿಯೇ ಉಳಿದ. ಕೈಗಿಂತ ಕಾಗದವನ್ನು ನಂಬುವ ಊರು ನಮ್ಮದು. ಆ ಕಾಗದಕ್ಕೆ ಸಹಿ ಹಾಕಿದವರ ಬಾಯಿ ಕಟ್ಟಲು ಒಂದು ಕುರ್ಚಿಯ ಆಸೆ ಸಾಕು.

ಕಾಯಂ ಆರ್ಡರ್ ಬಂತು. ಯಂಕಪ್ಪ ಹೋದ ಐದನೇ ತಿಂಗಳಲ್ಲಿ ಒಂದು ದಿನ, ಅವನ ಜಾಗಕ್ಕೆ ಬಂದಿದ್ದ ಬಸಲಿಂಗ ಮಾತಿನ ನಡುವೆ ಅಂದ: "ಅವನನ್ನ ಯಾವ ಉಜ್ಜೋ ಶೆಡ್ಡಿನಾಗೂ ತಗೊಳ್ಳಾಕ ಒಲ್ಲರ್ರೀ. ಕೈ ಕೆಟ್ಟೈತಿ ಅಂತ ಪೀಣ್ಯದ ತುಂಬ ಸುದ್ದಿ. ಪಿಎಚ್‌ಡಿ ಮೇಡಂ ಬರದಾರಂದ್ರ ಸುಳ್ಳಿರತೈತೇನು ಅಂತಾರ್ರೀ."

ಆ ಭಾನುವಾರ ವೇಣಿ ನಾಗಸಂದ್ರದಲ್ಲಿ ಬಸ್ಸು ಹಿಡಿದು, ಯಂಕಪ್ಪನ ಮನೆ ಹುಡುಕಿಕೊಂಡು ಮಾದನಾಯಕನಹಳ್ಳಿಗೆ ಹೋದಳು. ಸಾಲು ರೂಮುಗಳಲ್ಲಿ ಕೊನೆಯದು ಅವನದು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು ಯಂಕಪ್ಪನ ಹೆಂಡತಿ ದುರ್ಗವ್ವ. ಗೋಡೌನಿನಲ್ಲಿ ಪೆಟ್ಟಿಗೆ ಹೊತ್ತು ಬಂದಿದ್ದ ಯಂಕಪ್ಪ ಗಡಬಡಿಸಿ ಎದ್ದು ಅಂಗಿ ಹಾಕಿಕೊಂಡ. ಯಾಕೆ ಬಂದಿರಿ ಎಂದು ಅವನು ಕೇಳಲಿಲ್ಲ.

"ಆ ಗಾಜು ತಣ್ಣಗಾದ ಮ್ಯಾಲ ನೋಡಿದ್ರೇನ್ರೀ ಮೇಡಂ?"

"ನೋಡಿದೆ. ಗೆರೆ ನೇರ ಇತ್ತು."

ಅವನ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, "ಕೇಳಿದೆಲ್ಲ? ನಾ ಹೇಳಿದ್ದಿಲ್ಲ?" ಎಂದ.

ದುರ್ಗವ್ವ ಮೊರದಿಂದ ತಲೆ ಎತ್ತಲಿಲ್ಲ. "ಯಾವಾಗ ನೋಡಿದ್ರಿ ಅಕ್ಕಾರ?"

"ಮಾರನೇ ದಿನ ಬೆಳಗ್ಗೆ."

ಮೊರ ನಿಂತಿತು. "ಅದಾಗಿ ಐದು ತಿಂಗಳಾತಲ್ರೀ" ಎಂದಳು ದುರ್ಗವ್ವ, ಮೆಲ್ಲಗೆ. ಬೈದಿದ್ದರೆ ವೇಣಿ ತಡೆದುಕೊಳ್ಳುತ್ತಿದ್ದಳೇನೋ.

ಪರ್ಸಿನಿಂದ ಕಾಗದ ತೆಗೆದು ಅಲ್ಲೇ ನೆಲದ ಮೇಲೆ ಕೂತು ಬರೆದಳು: ಆ ದಿನ ಗಾಜು ಸರಿಯಿತ್ತು, ಬಿಸಿ ಆರುವ ಮೊದಲೇ ಅಳೆದದ್ದು ನನ್ನ ತಪ್ಪು, ಉಜ್ಜಿದವರದಲ್ಲ. ಸಹಿ ಹಾಕಿದಳು. 'ಡಾ.' ಎಂದು ಬರೆಯಲು ಕೈ ಬರಲಿಲ್ಲ.

"ಡಾಕ್ಟರ್ ಅಂತ ಬರೀರಿ ಅಕ್ಕಾರ. ಅದಿಲ್ಲಂದ್ರ ಯಾರು ನಂಬ್ತಾರ?" ಎಂದಳು ದುರ್ಗವ್ವ. ಬರೆದಳು.

ಆ ಕಾಗದದ ಸುದ್ದಿ ಪೀಣ್ಯದಲ್ಲಿ ಎರಡು ಶೆಡ್ಡು ದಾಟುವಷ್ಟರಲ್ಲಿ ಭಾನುಪ್ರಕಾಶನ ಕಿವಿ ಮುಟ್ಟಿತು. ವೇಣಿಯ ಫಲಕ ಮೇಜಿನಿಂದ ಇಳಿಯಿತು. ಈಗ ಅವಳು ಮತ್ತೆ ಅತಿಥಿ, ಬೇರೊಂದು ಕಾಲೇಜಿನಲ್ಲಿ. ಅದಕ್ಕಾಗಿ ಅವಳೇನೂ ಅಳಲಿಲ್ಲ.

ಅವಳು ಅತ್ತದ್ದು ಅಂದೇ, ಆ ರೂಮಿನ ಬಾಗಿಲಲ್ಲಿ. ಯಂಕಪ್ಪ ಕಾಗದವನ್ನು ಮಡಚದೆ, ಎರಡೂ ಕೈಯಲ್ಲಿ ಅಂಚಷ್ಟೇ ಹಿಡಿದು ಓದಿದ. ಆಮೇಲೆ ಅಂಗೈ ತಿರುಗಿಸಿ ತೋರಿಸಿದ. ಗೋಡೌನಿನ ಹಗ್ಗ ಎಳೆದು ಎಳೆದು ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ಮಣ್ಣು ಕೂತಿತ್ತು.

"ಯಾರಾರ ಕರದ್ರೂ ಇನ್ನ ಹೋಗಾಕಾಗೂದಿಲ್ರೀ ಮೇಡಂ" ಎಂದ. "ಈ ಕೈ ತಗುಲಿದ್ರ ಗಾಜಿಗೆ ಗೀರು ಬೀಳತೈತಿ."