ಜೌಗಿನಲ್ಲಿ ಎದುರಾದವನ ಪಾಲು

ಇದನ್ನು ನಂಬಿ ಎಂದು ನಾನು ಯಾರನ್ನೂ ಬೇಡಿಕೊಳ್ಳುವುದಿಲ್ಲ. ನಂಬಿಸುವಷ್ಟು ತ್ರಾಣವೂ ಈಗ ನನ್ನಲ್ಲಿ ಉಳಿದಿಲ್ಲ. ಆದರೆ ನಡೆದದ್ದು ನಿಜ. ಆ ಸಂಜೆ ನಾನು ಕುಡಿದಿರಲಿಲ್ಲ, ಜ್ವರ ಇರಲಿಲ್ಲ, ಸುಸ್ತಾಗಿದ್ದೆ ಅಷ್ಟೇ. ಸುಸ್ತಾದವರಿಗೆ ಏನೇನೋ ಕಾಣಿಸುತ್ತೆ ಎಂದು ನನ್ನ ಗಂಡ ಪ್ರಸಾದ್ ಇವತ್ತಿಗೂ ಹೇಳುತ್ತಾನೆ. ಹಾಗೆ ಕಂಡದ್ದು ಬೆಳಗಾದ ಮೇಲೂ ಅಲ್ಲೇ ಬಿದ್ದಿರುತ್ತದೆಯೇ ಎಂದು ಕೇಳಿದರೆ ಮಾತ್ರ ಟಿವಿಯ ಸದ್ದು ಜಾಸ್ತಿ ಮಾಡುತ್ತಾನೆ.

ಎಲ್ಲರ ಕೈಯಲ್ಲೂ ಬಟನ್ ಫೋನ್ ಇದ್ದ ವರ್ಷಗಳವು. ನಾವು ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿ ಮನೆ ಮಾಡಿದ್ದೆವು. ನಾನು ಕೊಡಗಿನವಳು, ಹೆಸರು ದೇಚಮ್ಮ. ಚಿಕ್ಕಂದಿನಿಂದ ಕೋವಿ ನೋಡಿ ಬೆಳೆದವಳು. ಸ್ವೀಡನ್ನಿಗೆ ಬಂದ ಮೇಲೆ ಇಲ್ಲಿನ ಬೇಟೆ ಪರೀಕ್ಷೆ ಬರೆದು ಪಾಸು ಮಾಡಿದ್ದೆ. ಮೊಟ್ಟೆ ತಿನ್ನುವುದನ್ನೇ ದೊಡ್ಡ ಸಾಹಸ ಎಂದುಕೊಂಡಿದ್ದ ಪ್ರಸಾದನಿಗೆ ಇದೆಲ್ಲ ತಲೆನೋವು.

ಬೇಟೆಯ ಜೊತೆಗಾರ ನಮ್ಮ ಆಫೀಸಿನ ಲೆನಾರ್ಟ್. ಅರವತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಫ್ರೇಯಾ ಎಂಬ ಕಪ್ಪು ಲ್ಯಾಬ್ರಡಾರ್ ಒಂದೇ. ಅದಕ್ಕೆ ವಯಸ್ಸಾಗಿ ಕಿವಿ ಪೂರ್ತಿ ಹೋಗಿತ್ತು. ಇನ್ನೊಂದು ಚಳಿಗಾಲ ಕಳೆಯುವುದು ಅನುಮಾನ ಎಂದು ಡಾಕ್ಟರು ಹೇಳಿದ ಮೇಲೆ ಲೆನಾರ್ಟರಿಗೆ ಒಂದೇ ಆಸೆ ಹಿಡಿಯಿತು. ಫ್ರೇಯಾ ಕೊನೆಯದಾಗಿ ಒಂದು ಬಾತುಕೋಳಿಯನ್ನು ನೀರಿನಿಂದ ಬಾಯಲ್ಲಿ ಕಚ್ಚಿ ತಂದು ಅವರ ಕೈಗೆ ಕೊಡಬೇಕು. ಅಷ್ಟು ಸಾಕು ಎನ್ನುತ್ತಿದ್ದರು.

ತೊಂದರೆ ಏನೆಂದರೆ ಅವರು ಬೇಟೆಯಾಡುತ್ತಿದ್ದ ಜಮೀನು ಬೇರೆಯವರ ಪಾಲಾಗಿತ್ತು. ಹೊಸ ಜಾಗ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಮುಗಿಸಿ ಹೆಣದಂತಾಗಿದ್ದೆ, ಆದರೂ ರಾತ್ರಿ ಹೊತ್ತು ನಕ್ಷೆ ಹರಡಿಕೊಂಡು ಕೂರುತ್ತಿದ್ದೆ. ಉತ್ತರಕ್ಕೆ ಎರಡು ಗಂಟೆ ದಾರಿಯಲ್ಲಿ ಒಂದು ಜೌಗು ಸಿಕ್ಕಿತು. ಹಳೆಯ ಕೆರೆಯೊಂದಕ್ಕೆ ಅಲ್ಲಿನ ಪುರಸಭೆಯವರು ಮತ್ತೆ ನೀರು ಬಿಟ್ಟಿದ್ದರು, ಪರವಾನಗಿ ಚೀಟಿ ತೆಗೆದುಕೊಂಡರೆ ಒಂದು ಬದಿಯಲ್ಲಿ ಯಾರು ಬೇಕಾದರೂ ಬೇಟೆಯಾಡಬಹುದಿತ್ತು. ಗೊತ್ತಿಲ್ಲದ ಜಾಗವಾದ್ದರಿಂದ ಹಿಂದಿನ ಸಂಜೆಯೇ ಹೋಗಿ, ಬಾತುಗಳು ಎಲ್ಲಿ ಇಳಿಯುತ್ತವೆ ನೋಡಿಕೊಂಡು, ಹತ್ತಿರದ ಬಾಡಿಗೆ ಗುಡಿಸಲಲ್ಲಿ ಮಲಗಿ, ಬೆಳಕು ಹರಿಯುವಾಗ ಬೇಟೆಗೆ ಕೂರುವುದು ಎಂದು ತೀರ್ಮಾನವಾಯಿತು.

"ಸಿಕ್ಕಿರೋದೇ ಒಂದು ವೀಕೆಂಡು, ಮಲ್ಕೊಳ್ಳೋದು ಬಿಟ್ಟು ಬಾತುಕೋಳಿ ಹಿಂದೆ ಹೋಗ್ತೀಯಲ್ಲೇ" ಎಂದ ಪ್ರಸಾದ್, ನನ್ನ ಫ್ಲಾಸ್ಕಿಗೆ ಕಾಫಿ ತುಂಬುತ್ತಲೇ. ಅವನ ಮಾತು ಕೇಳಬೇಕಿತ್ತು.

ಅಕ್ಟೋಬರ್ ತಿಂಗಳು. ನಾವು ತಲುಪಿದಾಗ ಬಿಸಿಲು ಇಳಿದಿತ್ತು. ಜೊಂಡು ಆಳೆತ್ತರ ಬೆಳೆದಿತ್ತು, ಅದರ ನಡುವೆ ನೀರಿನ ಮೇಲೆ ಮರದ ಹಲಗೆ ಹೊಡೆದ ಕಾಲುದಾರಿ. ಕೋವಿಗಳನ್ನು ಕಾರಿನಲ್ಲೇ ಬಿಟ್ಟೆವು. ಲೆನಾರ್ಟ್ ಫ್ರೇಯಾಳನ್ನು ಕರೆದುಕೊಂಡು ಆಚೆ ದಂಡೆಗೆ ಹೋದರು. ನಾನು ಹಲಗೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತೆ. ಬಾತು ಇಳಿಯುವ ಜಾಗ ಗುರುತಿಸುವಾಗ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ರೆಕ್ಕೆಯ ಸಿಳ್ಳು ಯಾವ ಕಡೆಯಿಂದ ಬಂತು, ನೀರಿಗೆ ಬಿದ್ದ ಸದ್ದು ಎಲ್ಲಿ ಕೇಳಿತು ಎಂದು ಗುರುತಿಟ್ಟುಕೊಳ್ಳಬೇಕು.

ಮೊದಲು ಬಾತುಗಳು ಚೆನ್ನಾಗಿಯೇ ಇಳಿದವು. ನನಗೆ ನಿದ್ದೆ ಎಳೆಯುತ್ತಿತ್ತು... ಆಮೇಲೆ ಒಮ್ಮೆಲೇ ಎಲ್ಲ ಸದ್ದೂ ನಿಂತುಹೋಯಿತು. ಗಾಳಿ ಇತ್ತು, ಜೊಂಡು ಬಾಗುತ್ತಿತ್ತು, ಆದರೆ ಸರಸರ ಎನ್ನುವುದು ಕೇಳಿಸುತ್ತಿರಲಿಲ್ಲ.

ಮೂಗಿಗೆ ಟಾರಿನ ವಾಸನೆ ಬಡಿಯಿತು. ಹಳೆಯ ಮರದ ದೋಣಿಗಳಿಗೆ ಬಳಿಯುತ್ತಾರಲ್ಲ, ಅದು. ಅದರ ಜೊತೆ ಒದ್ದೆ ಉಣ್ಣೆಯ ಕಮಟು.

ಜೊಂಡಿನ ಅಂಚಿನಲ್ಲಿ ಒಬ್ಬ ನಿಂತಿದ್ದ. ನೀರು ಅವನ ಮೊಣಕಾಲಿನವರೆಗೆ. ತಲೆಗೆ ಟೋಪಿ, ಮುಖ ಸರಿಯಾಗಿ ಕಾಣಿಸಲಿಲ್ಲ. ಊರಿನ ಮುದುಕನಿರಬೇಕು ಎಂದುಕೊಂಡು, ನಮಸ್ಕಾರಕ್ಕೆ ಇಲ್ಲಿನವರು ಹೇಳುವ ಹಾಗೆ ಹೇ ಎಂದೆ. ಇಲ್ಲಿ ಪರಿಚಯವಿಲ್ಲದವರೊಂದಿಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಆದರೆ ಅವನು ಮಾತಾಡಿದ. ನಾಳೆ ಬೇಟೆಗೆ ಬರುತ್ತೀರಾ ಎಂದು ನಿಧಾನವಾದ ಹಳೆಯ ಸ್ವೀಡಿಷಿನಲ್ಲಿ ಕೇಳಿದ. ಹೌದು ಎಂದೆ. ಇಲ್ಲಿಗೆ ಯಾರೂ ಬರದೆ ಬಹಳ ಕಾಲವಾಯಿತು ಎಂದ.

ಆಗ ನನ್ನ ಬಾಯಿ ಸುಮ್ಮನಿರಬೇಕಿತ್ತು. ನಮ್ಮ ಕಡೆ ಬೇಟೆಗೆ ಹೋದವರಿಗೆ ಯಾರಾದರೂ ಎದುರಾದರೆ ಅವರಿಗೂ ಮಾಂಸದಲ್ಲಿ ಪಾಲು ಕೊಡುವುದು ರೂಢಿ. ಹೊಡೆದವರಿಗೆ ಪಾಲು, ನಾಯಿಗೆ ಪಾಲು, ಎದುರು ಸಿಕ್ಕವರಿಗೂ ಪಾಲು. ಬರಿಗೈಯಲ್ಲಿ ಕಳಿಸುವುದಿಲ್ಲ. ಇದನ್ನೆಲ್ಲ ನನ್ನ ಹರಕು ಸ್ವೀಡಿಷಿನಲ್ಲಿ ಜಂಬದಿಂದ ಅವನಿಗೆ ವಿವರಿಸಿದೆ. ನೀವೂ ಎದುರಾದಿರಿ, ನಿಮಗೂ ಪಾಲು ಇದ್ದೇ ಇದೆ ಎಂದೆ.

ಅವನು ಆಚೆ ದಂಡೆಯ ಕಡೆಗೆ ತಲೆ ತಿರುಗಿಸಿದ.

"ಯಾವುದು ಬೇಕು ಅಂತ ನಾನೇ ಆರಿಸಬಹುದೇ?"

"ಆರಿಸಿಕೊಳ್ಳಿ" ಎಂದೆ.

ಫ್ಲಾಸ್ಕಿನ ಮುಚ್ಚಳ ತೆಗೆದು, ಕಾಫಿ ಬೇಕೇ ಎಂದು ಕೇಳಲು ತಲೆ ಎತ್ತಿದೆ. ಅಲ್ಲಿ ಯಾರೂ ಇರಲಿಲ್ಲ. ನೀರು ಕದಲಿರಲಿಲ್ಲ. ಮಂಡಿವರೆಗಿನ ನೀರಿನಲ್ಲಿ ಮನುಷ್ಯ ಸದ್ದಿಲ್ಲದೆ ಹೇಗೆ ಹೋಗುತ್ತಾನೆ? ಆಮೇಲೆ ಜೊಂಡಿನ ಸರಸರ ಒಟ್ಟಿಗೆ ಕಿವಿಗೆ ನುಗ್ಗಿತು, ಅದರ ಹಿಂದೆಯೇ ಆಚೆ ದಂಡೆಯಿಂದ ಲೆನಾರ್ಟರ ಕೂಗು.

ಅವರು ಹೆಸರು ಕೂಗುತ್ತಿದ್ದರು. ಕಿವುಡು ನಾಯಿಯ ಹೆಸರನ್ನು.

ಕತ್ತಲಾಗಿತ್ತು. ನಾನು ಓಡಿಹೋದಾಗ ಅವರು ಟಾರ್ಚನ್ನು ಹಚ್ಚಿ ಆರಿಸಿ ಮಾಡುತ್ತಿದ್ದರು. ಕಿವಿ ಹೋದ ಮೇಲೆ ಫ್ರೇಯಾಳನ್ನು ಕರೆಯುವುದು ಹಾಗೆಯೇ. ಬೆಳಕು ಮಿಣುಕಿದರೆ ಎಲ್ಲಿದ್ದರೂ ಬರುತ್ತಿದ್ದಳು. ಆ ಹೊತ್ತು ಬರಲಿಲ್ಲ. ನಾವಿಬ್ಬರೂ ದಂಡೆಯುದ್ದಕ್ಕೂ ಹುಡುಕಿದೆವು. ನನ್ನ ಬೂಟಿನೊಳಗೆ ನೀರು ತುಂಬಿ ಕಾಲು ಮರಗಟ್ಟಿತು. ಕೊನೆಗೆ ಹಲಗೆಯ ಮೇಲೆ ಕುಸಿದು ಕೂತಾಗ ನಾನು ಆ ಮನುಷ್ಯನ ವಿಷಯ, ಪಾಲಿನ ವಿಷಯ, ಎಲ್ಲವನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಲೆಕ್ಕಾಚಾರದ ಮನುಷ್ಯ, ದೇವರನ್ನೂ ನಂಬುವವರಲ್ಲ.

ನಗಲಿಲ್ಲ.

"ನನಗೆ ಯಾರೂ ಕಾಣಲಿಲ್ಲ" ಎಂದರು ಮೆಲ್ಲಗೆ. "ಆದರೆ ಫ್ರೇಯಾ ನಿನ್ನ ಕಡೆಗೇ ನೋಡುತ್ತ ಬಾಲ ಆಡಿಸುತ್ತಿದ್ದಳು, ದೇಚಿ. ತುಂಬ ಹೊತ್ತು. ಆಮೇಲೆ ಯಾರೋ ಕರೆದ ಹಾಗೆ ಎದ್ದು ನೀರಿಗೆ ಇಳಿದಳು."



ಇಲ್ಲಿನ ಬೇಟೆಗಾರರು ನಾಯಿ ತಪ್ಪಿಸಿಕೊಂಡರೆ, ಕೊನೆಗೆ ಕಂಡ ಜಾಗದಲ್ಲಿ ತಮ್ಮ ಮೈಮೇಲಿನ ಕೋಟನ್ನು ಬಿಟ್ಟು ಹೋಗುತ್ತಾರೆ. ಯಜಮಾನನ ವಾಸನೆ ಹಿಡಿದು ನಾಯಿ ಬಂದು ಅದರ ಮೇಲೆ ಮಲಗಿರುತ್ತದೆ, ಬೆಳಿಗ್ಗೆ ಹೋಗಿ ಕರೆತರಬಹುದು. ಲೆನಾರ್ಟ್ ತಮ್ಮ ಹಸಿರು ಕೋಟು ಬಿಚ್ಚಿ ಹಲಗೆಯ ತುದಿಯಲ್ಲಿ ಹಾಸಿದರು. ಗುಡಿಸಲಿಗೆ ಹೋಗಲು ಒಪ್ಪಲಿಲ್ಲ. ಕಾರಿನಲ್ಲೇ ಕೂತೆವು. ಅವರು ಸ್ವೆಟರಿನಲ್ಲಿ ನಡುಗುತ್ತ, ಗಾಜಿನ ಮೇಲಿನ ಹಬೆ ಒರೆಸುತ್ತ, ಆಗಾಗ ಕಾರಿನ ಲೈಟು ಮಿಣುಕಿಸುತ್ತಿದ್ದರು. ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಅಷ್ಟು ದಣಿವಿನಲ್ಲೂ ಕಣ್ಣು ಮುಚ್ಚಲು ಧೈರ್ಯವಾಗಲಿಲ್ಲ.

ಬೆಳಕು ಹರಿಯುವಾಗ ಇಬ್ಬರೂ ಹಲಗೆಯ ಮೇಲೆ ನಡೆದು ಹೋದೆವು. ಕೋಟು ಹಾಸಿದಲ್ಲೇ ಇತ್ತು. ಅದರ ನಡುವೆ ನಾಯಿ ಸುತ್ತಿ ಮಲಗಿದರೆ ಆಗುವ ತಗ್ಗು, ತಗ್ಗಿನ ತುಂಬ ಕಪ್ಪು ಕೂದಲು. ಲೆನಾರ್ಟ್ ಮಂಡಿಯೂರಿ ಅದರ ಮೇಲೆ ಕೈ ಇಟ್ಟರು.

"ಬೆಚ್ಚಗಿದೆ" ಎಂದರು.

ಸುತ್ತಲೂ ಹಲಗೆಯ ಮೇಲೆ ಬಿಳಿ ಇಬ್ಬನಿ ಹೆಪ್ಪುಗಟ್ಟಿತ್ತು. ಅದರಲ್ಲಿ ನಾವು ಬಂದ ಹೆಜ್ಜೆಗಳು ಮಾತ್ರ ಇದ್ದವು.

ತಗ್ಗಿನ ಪಕ್ಕದಲ್ಲಿ ಎರಡು ಬಾತುಗಳಿದ್ದವು. ಸತ್ತಿದ್ದವು. ಕುತ್ತಿಗೆಗಳನ್ನು ಒಂದೇ ಕಡೆಗೆ ಜೋಡಿಸಿ ಇಡಲಾಗಿತ್ತು. ನಾನು ಗರಿ ಸರಿಸಿ ನೋಡಿದೆ. ಗುಂಡಿನ ಗಾಯ ಇರಲಿಲ್ಲ, ಹಲ್ಲಿನ ಗುರುತೂ ಇರಲಿಲ್ಲ. ಬೇಟೆಗೆ ಬಂದಿದ್ದವರು ನಾವಿಬ್ಬರು. ತಲೆಗೊಂದರಂತೆ ಎರಡು ಪಾಲು.

ಅವನು ನಿಂತಿದ್ದ ಜಾಗವನ್ನು ತೋರಿಸಿದೆ. ಲೆನಾರ್ಟ್ ತಮಗಿಂತ ಉದ್ದದ ಕೋಲನ್ನು ಅಲ್ಲಿ ನೀರಿಗೆ ಇಳಿಸಿದರು. ಅದು ತಳ ಮುಟ್ಟಲಿಲ್ಲ.

ಆ ಬಾತುಗಳನ್ನು ಅಲ್ಲೇ ಬಿಟ್ಟು ಬರೋಣ ಎಂದು ನಾನು ಗೋಗರೆದೆ. ಅವರು ಕೇಳಲಿಲ್ಲ. ತಮ್ಮ ಪಾಲಿನದನ್ನು ಎತ್ತಿ ಎದೆಗೆ ಒತ್ತಿ ಹಿಡಿದುಕೊಂಡರು. ಅವಳು ತಂದುಕೊಟ್ಟಿದ್ದಾಳೆ, ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾಳೆ ಎಂದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮುಖದಲ್ಲಿ ಮಾತ್ರ ಸಮಾಧಾನ ಇತ್ತು. ಆ ಸಮಾಧಾನ ನೋಡಿಯೇ ನನಗೆ ಹೆಚ್ಚು ಭಯವಾಯಿತು.

ಆ ಚಳಿಗಾಲದಲ್ಲೇ ಲೆನಾರ್ಟ್ ಕೆಲಸ ಬಿಟ್ಟರು. ಜೌಗಿನ ಹತ್ತಿರದ ಗುಡಿಸಲನ್ನೇ ಬಾಡಿಗೆಗೆ ಹಿಡಿದಿದ್ದಾರೆ ಎಂದು ಆಫೀಸಿನಲ್ಲಿ ಗೊತ್ತಾಯಿತು. ನಾನು ಫೋನ್ ಮಾಡಿ ಬೈದೆ, ಅತ್ತುಬಿಟ್ಟೆ, ಸೊಲ್ಲೆಂಟುನಾಕ್ಕೆ ಬಂದು ನಮ್ಮ ಜೊತೆ ಇರಿ ಎಂದೂ ಕರೆದೆ. ಪ್ರಸಾದ್ ಕೂಡ ಕರೆದ. ನೋಡೋಣ ಎನ್ನುತ್ತಿದ್ದರು.

ಹಿಮ ಕರಗುವ ಹೊತ್ತಿಗೆ ಒಂದು ಸಂಜೆ ಅವರ ಫೋನ್ ಬಂತು. ನಾನು ಅಡುಗೆಮನೆಯಲ್ಲಿದ್ದೆ.

"ದೇಚಿ, ಮಾತಾಡಬೇಡ. ಸುಮ್ಮನೆ ಕೇಳು."

ಗಾಳಿ... ಜೊಂಡು... ಆಮೇಲೆ ಒದ್ದೆ ನಾಯಿ ಮೈ ಕೊಡವಿಕೊಳ್ಳುವ ಸದ್ದು. ಕಿವಿಗಳು ಪಟಪಟ ಬಡಿಯುವುದು ಸ್ಪಷ್ಟವಾಗಿ ಕೇಳಿಸಿತು.

"ಅವಳೇ ಅಲ್ಲವೇ?" ಎಂದರು. ದನಿಯಲ್ಲಿ ಸುಸ್ತಿತ್ತು, ಖುಷಿಯೂ ಇತ್ತು. ಪ್ರತಿ ಸಂಜೆ ಸ್ವಲ್ಪ ಸ್ವಲ್ಪ ಹತ್ತಿರ ಬರುತ್ತಾಳಂತೆ. ಅವಳ ಜೊತೆ ಅವನೂ ಬರುತ್ತಾನಂತೆ. ಒಳ್ಳೆಯ ಮನುಷ್ಯ, ನಾಯಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾನೆ ಎಂದರು.

ನಾನು ಈಗಲೇ ಕಾರು ತೆಗೆದುಕೊಂಡು ಬರುತ್ತೇನೆ, ನೀರಿನ ಹತ್ತಿರ ನಿಲ್ಲಬೇಡಿ ಎಂದೆ.

"ಒಂದು ವಿಷಯ ಹೇಳು. ಅವನಿಗೆ ಎಷ್ಟು ಪಾಲು ಅಂತ ಹೇಳಿದ್ದೆ ನೀನು?"

"ಒಂದೇ" ಎಂದೆ. "ಒಂದೇ ಪಾಲು."

"ಸರಿ" ಎಂದು ಫೋನ್ ಇಟ್ಟರು.

ಇಡೀ ದಾರಿ ಪ್ರಸಾದ್ ಕಾರು ಓಡಿಸಿದ. ನಾನು ಪಕ್ಕದಲ್ಲಿ ಕೂತು, ಅಕ್ಟೋಬರಿನ ಆ ಸಂಜೆ ಜೌಗಿನವನ ಜೊತೆ ಆಡಿದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಎಷ್ಟು ಸಲ ನೆನೆದರೂ ಅಷ್ಟೇ... ಅವನಿಗೆ ನಾನು ಲೆಕ್ಕವನ್ನೇ ಹೇಳಿರಲಿಲ್ಲ.